ಚಳಿಯಲ್ಲಿ ಸೈಕಲ್ಲು ಭಾರವಾಗುವುದೇಕೆ?

ಫಿನ್ಲೆಂಡಿನ ಔಲು ನಗರ ಇರುವುದು 65 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜನವರಿಯಲ್ಲಿ ಅಲ್ಲಿ ಮೈನಸ್ 10 ಡಿಗ್ರಿ ತೀರಾ ಸಾಮಾನ್ಯ. ಆದರೂ ಶಾಲೆಯ ಮಕ್ಕಳಿಂದ ಹಿಡಿದು ವಯಸ್ಸಾದವರವರೆಗೆ ಬಹಳ ಜನ ಹಿಮದ ಮೇಲೆಯೇ ಸೈಕಲ್ ತುಳಿಯುತ್ತಾರೆ. ಚಳಿಗಾಲದ ಸೈಕಲ್ ಸವಾರಿಗೆಂದೇ ಮೀಸಲಾದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 2013ರಲ್ಲಿ ನಡೆದದ್ದು ಅಲ್ಲೇ.

ಚಳಿ ಹೆಚ್ಚಿದಷ್ಟೂ ಸೈಕಲ್ಲು ಭಾರವಾದಂತೆ ಅನಿಸುತ್ತದೆ. ಅದು ಸೋಮಾರಿತನದ ಭ್ರಮೆಯಲ್ಲ, ಅದಕ್ಕೆ ಭೌತಿಕ ಕಾರಣಗಳಿವೆ.

ಮೊದಲನೆಯದು ಟ್ಯೂಬಿನೊಳಗಿನ ಗಾಳಿ. ಬೆಚ್ಚಗಿನ ಕೋಣೆಯಲ್ಲಿ, 20 ಡಿಗ್ರಿಯಲ್ಲಿ, 60 ಪಿಎಸ್‌ಐ ಗಾಳಿ ತುಂಬಿ ಮೈನಸ್ 10ಕ್ಕೆ ಹೊರಟರೆ ಒತ್ತಡ ಸುಮಾರು 52ಕ್ಕೆ ಇಳಿಯುತ್ತದೆ. ತಣ್ಣಗಾದ ಅಣುಗಳ ವೇಗ ತಗ್ಗಿ, ಅವು ಟ್ಯೂಬಿನ ಗೋಡೆಗೆ ಬಡಿಯುವ ರಭಸ ಕಡಿಮೆಯಾಗುವುದೇ ಇದಕ್ಕೆ ಕಾರಣ. ಟಯರು ಮೆತ್ತಗಾಗಿ ನೆಲಕ್ಕೆ ಹೆಚ್ಚು ಒತ್ತಿಕೊಳ್ಳುತ್ತದೆ. ಹಿಮದ ಮೇಲೆ ಇದು ಹಿಡಿತಕ್ಕೆ ಒಳ್ಳೆಯದು, ಡಾಂಬರಿನ ಮೇಲೆ ಮಾತ್ರ ಕಾಲಿಗೆ ಶ್ರಮ. 30 ಡಿಗ್ರಿಯ ಮಧ್ಯಾಹ್ನ ಅಷ್ಟೇ ಗಾಳಿ ಹೊಡೆಸಿದ ಬೀದರಿನ ಸೈಕಲ್ಲಿನಲ್ಲೂ ಡಿಸೆಂಬರಿನ 15 ಡಿಗ್ರಿ ಮುಂಜಾವಿಗೆ ಸುಮಾರು 4 ಪಿಎಸ್‌ಐ ಇಳಿದಿರುತ್ತದೆ.

ಹೊರಗಿನ ಗಾಳಿಯೂ ಸುಮ್ಮನಿರುವುದಿಲ್ಲ. 20ರಿಂದ ಮೈನಸ್ 10ಕ್ಕೆ, ಅಂದರೆ 30 ಡಿಗ್ರಿ ಇಳಿದರೆ, ಅದರ ಸಾಂದ್ರತೆ ಶೇಕಡಾ 11ರಷ್ಟು ಏರುತ್ತದೆ. ಸವಾರ ಸೀಳಿಕೊಂಡು ಹೋಗಬೇಕಾದ ಪ್ರತಿರೋಧವೂ ಅಷ್ಟೇ ಹೆಚ್ಚುತ್ತದೆ.

ಇನ್ನು ಗ್ರೀಸ್. ಚಳಿಗೆ ತುಪ್ಪ ಗಟ್ಟಿಯಾಗುವ ಹಾಗೆ ಅದೂ ಬಿಗಿಯುತ್ತದೆ. ಹಿಂಚಕ್ರದ ಫ್ರೀವೀಲಿನೊಳಗೆ ಸ್ಪ್ರಿಂಗಿನ ಬಲದಿಂದ ಹಲ್ಲುಗಳಿಗೆ ಸಿಕ್ಕಿಕೊಳ್ಳುವ ಪುಟ್ಟ ಕೊಕ್ಕೆಗಳಿವೆ. ಗಟ್ಟಿಯಾದ ಗ್ರೀಸಿನಲ್ಲಿ ಅವು ಅಂಟಿಕೊಂಡರೆ ಪೆಡಲ್ ತಿರುಗಿದರೂ ಚಕ್ರ ತಿರುಗದು. ಬ್ರೇಕಿನ ತಂತಿಯ ಕೊಳವೆಯೊಳಗೆ ನೀರು ಸೇರಿ ಹೆಪ್ಪುಗಟ್ಟಿದರೆ ಬ್ರೇಕು ಸಹ ಕಚ್ಚಿಕೊಳ್ಳುತ್ತದೆ. ಹಾಗಾಗಿ ಅಂಥ ಚಳಿಯಲ್ಲಿ ತೆಳು ಗ್ರೀಸ್ ಬೇಕು, ಮುಚ್ಚಿದ ಬ್ರೇಕುಗಳಿದ್ದರೆ ಇನ್ನೂ ಅನುಕೂಲ.

ಸವಾರನ ಕಷ್ಟವೇ ಬೇರೆ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದ ಗಾಳಿ ಮುಖಕ್ಕೆ ಬಡಿದರೆ ಚರ್ಮಕ್ಕೆ ಅದು ಮೈನಸ್ 18ರ ಚಳಿಯಂತೆ ಕೊರೆಯುತ್ತದೆ. ಚರ್ಮಕ್ಕೆ ಅಂಟಿಕೊಂಡ ಬೆಚ್ಚನೆಯ ಗಾಳಿಪದರವನ್ನು ಬೀಸುಗಾಳಿ ಹೊತ್ತೊಯ್ಯುವುದೇ ಕಾರಣ. ಸೈಕಲ್ಲಿನ ಉಕ್ಕಿಗೆ ಮೈಬಿಸಿ ಇಲ್ಲ. ಎಷ್ಟೇ ಗಾಳಿ ಬೀಸಿದರೂ ಅದು ಸುತ್ತಲಿನ ಮೈನಸ್ 10ಕ್ಕಿಂತ ತಣ್ಣಗಾಗದು. ಮೈಬಿಸಿ ಕಳೆದುಕೊಳ್ಳುವ ಸವಾರನಿಗೆ ಮಾತ್ರ ಕೈಗವಸು, ಕಿವಿ ಮುಚ್ಚುವ ಟೋಪಿ ಬೇಕು.

ಕೊನೆಗೆ ನೆಲ. ಮಂಜುಗಡ್ಡೆ ಅತಿಯಾಗಿ ಜಾರುವುದು ಕಡುಚಳಿಯಲ್ಲಲ್ಲ. ಶೂನ್ಯದ ಆಸುಪಾಸಿನಲ್ಲಿ, ಮೇಲ್ಮೈ ಒದ್ದೆಯಾದಾಗ ಅಪಾಯ ಹೆಚ್ಚು. ಅಂಥ ನೆಲಕ್ಕೆ ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಮೊಳೆಗಳಿರುವ ಟಯರುಗಳಿವೆ. ಮೊಳೆ ಮಂಜುಗಡ್ಡೆಯನ್ನು ಚುಚ್ಚಿ ಹಿಡಿಯುತ್ತದೆ.

ಇಷ್ಟಾದರೂ ಔಲುವಿನ ಸವಾರರ ನಿಜವಾದ ಬಲ ಅವರ ದಾರಿ. ಕಾರುಗಳಿಂದ ಬೇರ್ಪಟ್ಟ ನೂರಾರು ಕಿಲೋಮೀಟರ್ ಸೈಕಲ್ ಹಾದಿ ಅಲ್ಲಿದೆ. ಹಿಮ ಬಿದ್ದಾಗ ಮುಖ್ಯ ಹಾದಿಗಳಿಂದ ಅದನ್ನು ಬೇಗನೆ ತಳ್ಳಿ, ಉಳಿದ ಪದರವನ್ನು ಗಟ್ಟಿ ನೆಲವಾಗಿ ಬಿಡುತ್ತಾರೆ. ಚಳಿ ಸೈಕಲ್ಲಿನ ಮೇಲೆ ಹೇರುವ ಹೊರೆಯನ್ನು ಪಂಪು, ಗ್ರೀಸು, ಮೊಳೆಗಳಿಂದ ಸವಾರ ಇಳಿಸಿಕೊಳ್ಳಬಲ್ಲ. ದಾರಿಯ ಹೊರೆಯನ್ನು ಊರೇ ಇಳಿಸಬೇಕು. ಹವಾಮಾನ ಎಂಥದ್ದೇ ಇರಲಿ, ಜನ ಸೈಕಲ್ ಹತ್ತಬೇಕೆಂದು ಬಯಸುವ ಯಾವ ಊರಿಗೂ ಈ ಮಾತು ಅನ್ವಯಿಸುತ್ತದೆ.