ಮಗುವಿನ ಮೇಷ್ಟ್ರ ವಿಷಯ ತಾಯಿಗೆ ಬೇಡವೇ?

ಸಂತೆಗೆ ಹೋದರೆ ಬದನೆಕಾಯಿಯನ್ನು ಕೂಡ ತಿರುಗಿಸಿ ತಿರುಗಿಸಿ ನೋಡಿ ಚೀಲಕ್ಕೆ ಹಾಕಿಕೊಳ್ಳುತ್ತೇವೆ. ಬೇಳೆಯಲ್ಲಿ ಕಲ್ಲು ಸಿಕ್ಕರೆ ಅಂಗಡಿಯವನನ್ನು ಸುಮ್ಮನೆ ಬಿಡುವುದಿಲ್ಲ. ಆದರೆ ದಿನಕ್ಕೆ ಐದಾರು ಗಂಟೆ ಮಗುವನ್ನು ಒಪ್ಪಿಸಿ ಬರುತ್ತೇವಲ್ಲ, ಆ ಶಾಲೆಯಲ್ಲಿ ಪಾಠ ಹೇಳುವವರು ಯಾರು, ಪಾಠ ನಡೆಯುತ್ತಿದೆಯೇ ಎಂದು ವಿಚಾರಿಸಿದ್ದೇವೆಯೇ? "ಅದೆಲ್ಲ ಸರ್ಕಾರದ್ದು ಕಣ್ರೀ, ನಮಗ್ಯಾಕೆ?" ಎನ್ನುವವರೇ ಹೆಚ್ಚು. ನಾನೂ ಹಾಗೇ ಇದ್ದೆ.

ಮಗಳು ಆರನೆಯ ತರಗತಿಯಲ್ಲಿದ್ದಾಗ ಅವಳ ಶಾಲೆಯ ಗಣಿತದ ಮೇಷ್ಟ್ರಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ದೀಪಾವಳಿ ಕಳೆಯಿತು, ಸಂಕ್ರಾಂತಿಯೂ ಕಳೆಯಿತು. ಆ ವರ್ಷ ನಾನು ಶಾಲಾ ಸಮಿತಿಯ ಸದಸ್ಯೆ! ಕರೆದಾಗ ಹೋಗಿ, ನಡಾವಳಿ ಪುಸ್ತಕದಲ್ಲಿ ತೋರಿಸಿದ ಕಡೆ ರುಜು ಹಾಕಿ, ಟೀ ಕುಡಿದು ಬರುತ್ತಿದ್ದೆ. ಒಂದು ಸಂಜೆ ಭಿನ್ನರಾಶಿ ಲೆಕ್ಕ ತಿಳಿಯದೆ ಅಳುತ್ತಾ ಅಡುಗೆಮನೆ ಬಾಗಿಲಲ್ಲಿ ನಿಂತ ಮಗಳು, "ಅಮ್ಮಾ, ನೀನು ಕಮಿಟೀಲಿದ್ದೀಯಲ್ಲ, ಯಾಕೆ ಕೇಳ್ಲಿಲ್ಲ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ನಿಮಗೂ ಆ ಪ್ರಶ್ನೆ ಬರುವ ಮೊದಲೇ ಇಷ್ಟು ತಿಳಿದಿರಲಿ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಬರೀ ರುಜು ಹಾಕಲು ನಮ್ಮನ್ನು ಕರೆದಿಲ್ಲ!

ಅದೇ ಕಾಯಿದೆ ಇನ್ನೂ ಕೆಲವು ಮಾತು ಹೇಳುತ್ತದೆ. ಐದನೆಯ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು. ಆರರಿಂದ ಎಂಟರವರೆಗೆ 35 ಮಕ್ಕಳಿಗೆ ಒಬ್ಬರು. ಅವರಲ್ಲಿ ಗಣಿತ–ವಿಜ್ಞಾನಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕು. ಜನಗಣತಿ, ಚುನಾವಣೆ, ವಿಕೋಪ ಪರಿಹಾರ ಬಿಟ್ಟು ಪಾಠಕ್ಕೆ ಸಂಬಂಧಿಸದ ಬೇರೆ ಕೆಲಸಕ್ಕೆ ಅವರನ್ನು ಹಚ್ಚುವಂತಿಲ್ಲ.

ಹಾಗೆಂದು ಮೇಷ್ಟ್ರ ಮೇಲೆ ಕೂಗಾಡಿ ಬನ್ನಿ ಎಂದು ನಾನು ಹೇಳುತ್ತಿಲ್ಲ. ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೆಯುವವರ ಕಷ್ಟ ನಮಗೂ ತಿಳಿಯಬೇಕು. ನಂಬಿ ಬೆಂಬಲ ಕೊಟ್ಟರೆ ಶಿಕ್ಷಕರು ಏನು ಮಾಡಬಲ್ಲರು ಎಂಬುದಕ್ಕೆ ನಮ್ಮ 'ನಲಿ–ಕಲಿ'ಯೇ ಸಾಕ್ಷಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಪದ್ಧತಿ ನೋಡಿಬಂದು, ನಮ್ಮ ಮಕ್ಕಳಿಗೆ ಒಗ್ಗುವಂತೆ ತಾವೇ ಕಲಿಕೆಯ ಕಾರ್ಡುಗಳನ್ನು ತಯಾರಿಸಿದರು. ಅಲ್ಲಿ ಹುಟ್ಟಿದ್ದು ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು.

ನೇಮಕ, ತರಬೇತಿ, ವರ್ಗಾವಣೆ ಇವೆಲ್ಲ ಸರ್ಕಾರದ ಕೈಯಲ್ಲಿವೆ, ನಿಜ. ಆದರೆ ಖಾಲಿ ಕುರ್ಚಿ ಮೊದಲು ಕಾಣುವುದು ಊರಿನವರ ಕಣ್ಣಿಗೆ ತಾನೇ?

ಮುಂದಿನ ಸಭೆಯಲ್ಲಿ ನಾನು ಅಳುಕುತ್ತಲೇ ವಿಷಯ ಎತ್ತಿದೆ. ಪಕ್ಕದಲ್ಲಿದ್ದವರು, "ವಿರೋಧ ಕಟ್ಕೊಂಡ್ರೆ ಮಕ್ಕಳಿಗೇ ತೊಂದ್ರೆ ಕಣ್ರೀ" ಎಂದು ಪಿಸುಗುಟ್ಟಿದರು. ಆದರೆ ಮುಖ್ಯೋಪಾಧ್ಯಾಯಿನಿಯವರ ಮುಖ ಅರಳಿತು. "ನಾನು ಬರೆದ್ರೆ ಫೈಲು ಸೇರುತ್ತಮ್ಮ, ನೀವು ಬರೆದ್ರೆ ಊರಿನ ಮಾತಾಗುತ್ತೆ" ಎಂದರು. ನಿರ್ಣಯ ಬರೆದೆವು. ಅದರ ಪ್ರತಿಯನ್ನು ನಾವು ನಾಲ್ವರು ಹೆಂಗಸರೇ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದೆವು. ಶಿವರಾತ್ರಿಯ ಹೊತ್ತಿಗೆ ಅತಿಥಿ ಶಿಕ್ಷಕಿಯೊಬ್ಬರು ಬಂದರು. ಕಾಯಂ ಮೇಷ್ಟ್ರು ಬಂದದ್ದು ಮರುವರ್ಷ. ಕಳೆದುಹೋದ ತಿಂಗಳುಗಳು ಮಾತ್ರ ಮರಳಲಿಲ್ಲ. ಬೇಸಿಗೆ ರಜೆಯಲ್ಲಿ ಚಪಾತಿ ತುಂಡು ಮಾಡಿ ನಾನೇ ಮಗಳಿಗೆ ಅರ್ಧ, ಕಾಲು, ಮುಕ್ಕಾಲು ಕಲಿಸಬೇಕಾಯಿತು.

ಮೊದಲೇ ಕೇಳಿದ್ದರೆ? ಆ ಕೊರಗು ನನಗೆ ಇಂದಿಗೂ ಇದೆ. ನಿಮಗದು ಬೇಡ. ಮುಂದಿನ ಸಭೆಗೆ ಹೋದಾಗ ಮೊದಲು ನಡಾವಳಿ ಪುಸ್ತಕವನ್ನು ಓದಿ, ಎಷ್ಟು ಹುದ್ದೆ ಖಾಲಿ ಇವೆ ಎಂದು ಕೇಳಿ. ರುಜು ಆಮೇಲೆ ಹಾಕಿದರಾಯಿತು!