ತೆರೆಯ ಮೇಲೆ ಮುಳ್ಳು ಹೇಗೆ ತಿರುಗುತ್ತದೆ?

ಗೋಡೆ ಗಡಿಯಾರದ ಮುಳ್ಳುಗಳನ್ನು ತಿರುಗಿಸಲು ಹಲ್ಲುಚಕ್ರಗಳಿವೆ. ವೆಬ್ ಪುಟದ ಗಡಿಯಾರದಲ್ಲಿ ಚಕ್ರಗಳೂ ಇಲ್ಲ, ನಿಜವಾಗಿ ತಿರುಗುವ ಮುಳ್ಳೂ ಇಲ್ಲ. ಕೋಡ್ ಒಂದು ಚಿತ್ರ ಬರೆಯುತ್ತದೆ, ಅಳಿಸುತ್ತದೆ, ಮತ್ತೆ ಬರೆಯುತ್ತದೆ. ನಮ್ಮ ಕಣ್ಣಿಗೆ ಅದೇ ಚಲನೆ.

ಈ ಚಿತ್ರ ಮೂಡುವ ಜಾಗಕ್ಕೆ ಕ್ಯಾನ್ವಾಸ್ ಎಂದು ಹೆಸರು. 2004ರಲ್ಲಿ ಆಪಲ್ ಕಂಪನಿ ತನ್ನ ಮ್ಯಾಕ್ ಕಂಪ್ಯೂಟರಿನ ಡ್ಯಾಶ್‌ಬೋರ್ಡ್‌ಗಾಗಿ ಇದನ್ನು ರೂಪಿಸಿತು. ಇಂದು ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲೂ ಇದೆ. ಗೆರೆ ಎಲ್ಲಿಂದ ಎಲ್ಲಿಗೆ ಎಳೆಯಬೇಕೆಂದು ಹೇಳುವುದು ಜಾವಾಸ್ಕ್ರಿಪ್ಟ್ ಕೋಡ್.

ಮೊದಲು ಕೋನದ ಲೆಕ್ಕ. ಪೂರ್ಣ ಸುತ್ತು 360 ಡಿಗ್ರಿ. ಸೆಕೆಂಡಿನ ಮುಳ್ಳು ಪ್ರತಿ ಸೆಕೆಂಡಿಗೆ 6 ಡಿಗ್ರಿ ಸರಿಯಬೇಕು, ನಿಮಿಷದ ಮುಳ್ಳು ಪ್ರತಿ ನಿಮಿಷಕ್ಕೆ 6 ಡಿಗ್ರಿ. ಗಂಟೆಯ ಮುಳ್ಳಿಗೆ ಗಂಟೆಗೆ 30 ಡಿಗ್ರಿ ಎಂದಷ್ಟೇ ಕೊಟ್ಟರೆ 3 ಗಂಟೆ 40 ನಿಮಿಷಕ್ಕೂ ಅದು 3ರ ಮೇಲೆಯೇ ನಿಂತಿರುತ್ತದೆ. ಆದ್ದರಿಂದ ಪ್ರತಿ ನಿಮಿಷಕ್ಕೆ ಅರ್ಧ ಡಿಗ್ರಿ ಕೂಡಿಸಬೇಕು. ಆಗ 90ಕ್ಕೆ 20 ಸೇರಿ 110 ಡಿಗ್ರಿಯಾಗುತ್ತದೆ, ಮುಳ್ಳು 4ರ ಹತ್ತಿರ ಬಂದಿರುತ್ತದೆ.

ಮುಂದಿನ ಪ್ರಶ್ನೆ ದಿಕ್ಕಿನದು. ಗಡಿಯಾರದ ಎಣಿಕೆ 12ರಿಂದ ಶುರುವಾದರೆ ಕ್ಯಾನ್ವಾಸಿನ ಸೊನ್ನೆ ಡಿಗ್ರಿ 3ರ ಕಡೆಗಿದೆ. ಹಾಗಾಗಿ ಪ್ರತಿ ಕೋನದಿಂದ 90 ಕಳೆಯಬೇಕು. ಶಾಲೆಯ ಗ್ರಾಫ್ ಕಾಗದದಲ್ಲಿ ಮೇಲಕ್ಕೆ ಹೋದಂತೆ ಅಂಕಿ ಏರಿದರೆ ತೆರೆಯಲ್ಲಿ ಕೆಳಕ್ಕೆ ಇಳಿದಂತೆ ಏರುತ್ತದೆ. ಇದರಿಂದ ಕೋನಗಳು ಪ್ರದಕ್ಷಿಣವಾಗಿಯೇ ಬೆಳೆಯುತ್ತವೆ, ಗಡಿಯಾರಕ್ಕೆ ಅದು ಅನುಕೂಲ.

ಮುಳ್ಳಿನ ತುದಿಯನ್ನು ಹುಡುಕಿಕೊಡುವುದು ತ್ರಿಕೋನಮಿತಿ. ಸರಿಯಾಗಿ 4 ಗಂಟೆ ಎನ್ನಿ. ಗಂಟೆಯ ಮುಳ್ಳಿನ 120 ಡಿಗ್ರಿಯಿಂದ 90 ಕಳೆದರೆ 30. ಮುಳ್ಳು 100 ಪಿಕ್ಸೆಲ್ ಉದ್ದವಿದ್ದರೆ ಕೊಸೈನ್ ಪ್ರಕಾರ ಕೇಂದ್ರದಿಂದ ಬಲಕ್ಕೆ ಸುಮಾರು 87 ಪಿಕ್ಸೆಲ್, ಸೈನ್ ಪ್ರಕಾರ ಕೆಳಕ್ಕೆ 50 ಪಿಕ್ಸೆಲ್. ಕೋಡ್‌ಗೆ ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಿ ಕೊಡಬೇಕು, ಅಷ್ಟೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ಪ್ರತಿ ಸೆಕೆಂಡಿಗೆ 6 ಡಿಗ್ರಿ ಕೂಡಿಸುತ್ತಾ ಹೋದರೆ ಸಾಲದೇ ಎಂದು ಹೊಸಬರಿಗೆ ಅನ್ನಿಸುತ್ತದೆ. ಸಾಲದು. ಬ್ರೌಸರ್‌ನ ಟೈಮರ್ ಹೇಳಿದ ಕ್ಷಣಕ್ಕೇ ಎಚ್ಚರಗೊಳ್ಳುವ ಭರವಸೆಯಿಲ್ಲ. ಹಿನ್ನೆಲೆಗೆ ಸರಿದ ಟ್ಯಾಬ್‌ನಲ್ಲಂತೂ ಬ್ಯಾಟರಿ ಉಳಿಸಲು ಅದನ್ನು ಬೇಕೆಂದೇ ನಿಧಾನಿಸಲಾಗುತ್ತದೆ. ಎಣಿಸುವ ಗಡಿಯಾರ ಹಿಂದೆ ಬೀಳುತ್ತದೆ. ಪ್ರತಿ ಸಲವೂ ಕಂಪ್ಯೂಟರನ್ನು ಈಗಿನ ಸಮಯ ಕೇಳಿ, ಮೂರೂ ಕೋನಗಳನ್ನು ಹೊಸದಾಗಿ ಲೆಕ್ಕ ಹಾಕುವುದೇ ಸರಿಯಾದ ದಾರಿ. ಆಗ ಒಂದೆರಡು ಚಿತ್ರ ತಪ್ಪಿದರೂ ಮುಂದಿನದು ಸರಿಯಾದ ಸಮಯವನ್ನೇ ತೋರಿಸುತ್ತದೆ.

ಸೈನ್, ಕೊಸೈನ್ ಯಾಕೆ ಕಲಿಯಬೇಕೆಂದು ಕೇಳುವ ಹೈಸ್ಕೂಲ್ ಮಕ್ಕಳಿಂದ ಈ ಗಡಿಯಾರ ಬರೆಸಿ ನೋಡಿ. ಬೇಕಾದದ್ದು ಒಂದು ಕಂಪ್ಯೂಟರ್, ಅದರಲ್ಲಿರುವ ನೋಟ್‌ಪ್ಯಾಡ್ ಮತ್ತು ಬ್ರೌಸರ್. ಇಂಟರ್ನೆಟ್ ಕೂಡ ಬೇಕಿಲ್ಲ.