ದೊಡ್ಡವರ ಎಡಿಎಚ್‌ಡಿಗೆ ದಿನಕ್ಕೊಂದು ಮಾತ್ರೆ: ಪರೀಕ್ಷೆ ಏನು ಹೇಳುತ್ತದೆ?

ಬೈಕಿನ ಕೀಲಿ ಇಟ್ಟ ಜಾಗ ಮರೆಯುವುದು, ಶುರು ಮಾಡಿದ ಕೆಲಸವನ್ನು ಅರ್ಧಕ್ಕೇ ಬಿಡುವುದು, ಬ್ಯಾಂಕಿನ ಕಂತಿನ ದಿನಾಂಕ ತಪ್ಪಿಸುವುದು, ಎದುರಿನವರ ಮಾತು ಮುಗಿಯುವ ಮೊದಲೇ ಬಾಯಿ ಹಾಕುವುದು ಎಲ್ಲರಲ್ಲೂ ಅಷ್ಟಿಷ್ಟು ಇರುತ್ತದೆ. ಆದರೆ ಕೆಲವರಲ್ಲಿ ಇದು ಬಾಲ್ಯದಿಂದಲೇ ಇದ್ದು, ಮನೆಯಲ್ಲೂ ಕೆಲಸದ ಜಾಗದಲ್ಲೂ ಬದುಕನ್ನು ಕೆಡಿಸುವ ಮಟ್ಟಕ್ಕೆ ಬೆಳೆಯುತ್ತದೆ. ಮನೆಯವರು ಅದಕ್ಕೆ ಸೋಮಾರಿತನ, ಬೇಜವಾಬ್ದಾರಿ ಎಂದು ಹೆಸರಿಡುತ್ತಾರೆ. ವೈದ್ಯರು ಅದನ್ನು ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎನ್ನುತ್ತಾರೆ. ಇದು ಮಕ್ಕಳ ಕಾಯಿಲೆ, ದೊಡ್ಡವರಾದಾಗ ತಾನಾಗಿ ಹೋಗುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. ಅನೇಕರಲ್ಲಿ ಅದು ಹೋಗುವುದಿಲ್ಲ ಎಂದು ಈಗ ಗೊತ್ತಾಗಿದೆ.

ಇದಕ್ಕೆ ಕೊಡುವ ಮುಖ್ಯ ಔಷಧ ಮಿಥೈಲ್‌ಫೆನಿಡೇಟ್. ಇದನ್ನು 1944ರಲ್ಲಿ ಸ್ವಿಟ್ಜರ್‌ಲ್ಯಾಂಡ್‌ನ ಸೀಬಾ ಕಂಪೆನಿಯಲ್ಲಿ ತಯಾರಿಸಲಾಯಿತು. ಇದು ಉತ್ತೇಜಕ ಔಷಧ. ಚಂಚಲ ಮನಸ್ಸಿಗೆ ಉತ್ತೇಜಕವೇಕೆ ಎಂದು ಹಲವರು ಕೇಳುತ್ತಾರೆ. ಮಿದುಳಿನಲ್ಲಿ ಗಮನವನ್ನು ಹಿಡಿದಿಡುವ ಭಾಗಕ್ಕೆ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಬೇಕು. ಈ ಔಷಧ ಅವು ಬೇಗ ಹೀರಿಹೋಗದಂತೆ ತಡೆಯುತ್ತದೆ. ಆದ್ದರಿಂದ ಲಗಾಮು ಬಿಗಿಯಾಗುತ್ತದೆ.

ಸಾಧಾರಣ ಮಾತ್ರೆಯ ಪರಿಣಾಮ ಸುಮಾರು 4 ಗಂಟೆಯಲ್ಲಿ ಇಳಿಯುತ್ತದೆ. ದಿನಕ್ಕೆ ಎರಡು ಮೂರು ಬಾರಿ ನುಂಗಬೇಕು. ಮರೆವೇ ಕಾಯಿಲೆಯಾದವನಿಗೆ ಮಧ್ಯಾಹ್ನದ ಮಾತ್ರೆ ನೆನಪಿರುವುದು ಹೇಗೆ? ಇದಕ್ಕೆ ಪರಿಹಾರವಾಗಿ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳು ಬಂದವು. ಅವುಗಳಲ್ಲಿ ಕಾನ್ಸರ್ಟಾ ಹೆಸರಿನದಕ್ಕೆ ಅಮೆರಿಕದಲ್ಲಿ 2000ದಲ್ಲಿ ಮಕ್ಕಳಿಗಾಗಿ ಅನುಮತಿ ಸಿಕ್ಕಿತು. ಅದರ ಹೊರಪದರದಲ್ಲಿ ಔಷಧದ 22 ಶೇಕಡಾ ಇರುತ್ತದೆ, ಅದು ಬೇಗ ಕರಗುತ್ತದೆ. ಉಳಿದ 78 ಶೇಕಡಾ ಒಳಗಿನ ಕೋಶದಲ್ಲಿದೆ. ಹೊಟ್ಟೆಯ ನೀರು ಒಳಗೆ ಇಳಿದಾಗ ಅಲ್ಲಿನ ಒಂದು ಪದರ ಉಬ್ಬಿ, ಲೇಸರ್‌ನಿಂದ ಕೊರೆದ ಸೂಕ್ಷ್ಮ ರಂಧ್ರದ ಮೂಲಕ ಔಷಧವನ್ನು ಸ್ವಲ್ಪ ಸ್ವಲ್ಪವಾಗಿ ಹೊರಗೆ ತಳ್ಳುತ್ತದೆ. ಪರಿಣಾಮ ಸುಮಾರು 12 ಗಂಟೆ. ಖಾಲಿ ಸಿಪ್ಪೆ ಮಲದಲ್ಲಿ ಹೋಗುತ್ತದೆ. ಅದನ್ನು ನೋಡಿ ಮಾತ್ರೆ ಜೀರ್ಣವಾಗಿಲ್ಲ ಎಂದು ಗಾಬರಿಪಡಬೇಕಿಲ್ಲ.

ಮಕ್ಕಳಲ್ಲಿ ಫಲ ಕೊಟ್ಟದ್ದು ದೊಡ್ಡವರಲ್ಲೂ ಕೊಡುತ್ತದೆಂದು ಹೇಳಿಬಿಡಲಾಗದು. ನಮ್ಮ ಯುನಾನಿಯ ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದ ಎರಡನೇ ಭಾಗದಲ್ಲಿ ಔಷಧ ಪರೀಕ್ಷೆಗೆ ನಿಯಮಗಳನ್ನು ಕೊಟ್ಟಿದ್ದಾರೆ. ಫಲ ಒಮ್ಮೆ ಕಂಡರೆ ಸಾಲದು, ಮತ್ತೆ ಮತ್ತೆ ಕಾಣಬೇಕು. ಪರೀಕ್ಷೆ ಮನುಷ್ಯನ ದೇಹದಲ್ಲೇ ಆಗಬೇಕು, ಕುದುರೆಯ ಮೇಲೆ ಮಾಡಿದ್ದು ಮನುಷ್ಯನಿಗೆ ಸಾಕ್ಷಿಯಲ್ಲ ಎಂಬುದು ಅವುಗಳ ಸಾರ. ಯಾರಿಗೆ ಕೊಡಬೇಕೋ ಅವರಲ್ಲೇ ಪರೀಕ್ಷಿಸಬೇಕೆಂಬ ನಿಯಮ ಇಂದಿಗೂ ಅದೇ.

ಯುರೋಪಿನ 13 ದೇಶಗಳಲ್ಲಿ 401 ವಯಸ್ಕರ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಚೀಟಿ ಎತ್ತಿದಂತೆ ಅವರನ್ನು ನಾಲ್ಕು ಗುಂಪು ಮಾಡಿದರು. ಮೂರು ಗುಂಪಿಗೆ ದಿನಕ್ಕೆ 18, 36, 72 ಮಿಲಿಗ್ರಾಂ ಔಷಧ. ನಾಲ್ಕನೆಯದಕ್ಕೆ ನೋಡಲು ಹಾಗೇ ಇರುವ, ಔಷಧವಿಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. 5 ವಾರಗಳ ನಂತರ 18 ಲಕ್ಷಣಗಳಿಗೆ ಅಂಕ ಹಾಕಿ ನೋಡಿದರು. ಹುಸಿ ಮಾತ್ರೆಯವರ ಅಂಕವೂ ಸರಾಸರಿ 7.6 ಇಳಿದಿತ್ತು! ಔಷಧದವರ ಅಂಕ ಪ್ರಮಾಣಕ್ಕೆ ತಕ್ಕಂತೆ 10.6, 11.5, 13.7 ಇಳಿದಿತ್ತು.

ಈ ಲೆಕ್ಕವನ್ನು ಗಮನವಿಟ್ಟು ಓದಿ. ವೈದ್ಯರು ಕಾಳಜಿಯಿಂದ ವಿಚಾರಿಸಿದರೆ, ಗುಣವಾಗುತ್ತದೆಂಬ ಭರವಸೆ ಇದ್ದರೆ, ಅಷ್ಟರಿಂದಲೇ ಒಂದಿಷ್ಟು ಸುಧಾರಣೆ ಕಾಣುತ್ತದೆ. ಔಷಧದ ನಿಜವಾದ ಪಾಲು ಎರಡರ ನಡುವಿನ ವ್ಯತ್ಯಾಸ ಮಾತ್ರ. ‘ನಮ್ಮ ಪರಿಚಯದವರಿಗೆ ಇದರಿಂದ ವಾಸಿಯಾಯಿತು’ ಎಂಬ ಮಾತು ಸಾಕ್ಷಿಯಾಗದಿರುವುದು ಇದಕ್ಕೇ. ಈ ಮಾತು ನಮ್ಮ ಖಮೀರಾ, ಮಾಜೂನ್‌ಗಳಿಗೂ ಅನ್ವಯಿಸುತ್ತದೆ. ವಯಸ್ಕರ ಎಡಿಎಚ್‌ಡಿಗೆ ಅವು ಈ ಬಗೆಯ ದೊಡ್ಡ ಪರೀಕ್ಷೆ ದಾಟಿಲ್ಲ. ಆದ್ದರಿಂದ ಮನೋವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ ನಮ್ಮ ಬಳಿ ಬನ್ನಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಪರಿಣಾಮ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ತಿಳಿಯಲು ಬೇರೆ ಉಪಾಯವಿದೆ. ಲಿಸ್‌ಡೆಕ್ಸ್‌ಆಂಫೆಟಮಿನ್ ಎಂಬ ಇನ್ನೊಂದು ದೀರ್ಘಾವಧಿ ಔಷಧಕ್ಕಾಗಿ ಅಮೆರಿಕದಲ್ಲಿ ಕಚೇರಿಯಂತಹ ವಾತಾವರಣ ನಿರ್ಮಿಸಿ ವಯಸ್ಕರನ್ನು ಇಡೀ ದಿನ ಕೂರಿಸಿದರು. ಮಾತ್ರೆ ನುಂಗಿದ 2ನೇ ಗಂಟೆಯಿಂದ 14ನೇ ಗಂಟೆಯವರೆಗೆ ಆಗಾಗ 10 ನಿಮಿಷದ ಸುಲಭ ಲೆಕ್ಕಗಳ ಪರೀಕ್ಷೆ. ಒಂದು ವಾರ ಔಷಧ, ಇನ್ನೊಂದು ವಾರ ಹುಸಿ ಮಾತ್ರೆ. ಹೀಗೆ ಪ್ರತಿಯೊಬ್ಬರನ್ನೂ ಅವರೊಂದಿಗೇ ಹೋಲಿಸಿದರು. ಔಷಧದ ವಾರದಲ್ಲಿ ಹೆಚ್ಚು ಲೆಕ್ಕಗಳು ಸರಿಯಾದವು.

ಹಾಗಾದರೆ ಎಲ್ಲವೂ ಇತ್ಯರ್ಥವಾಯಿತೇ? ಇಲ್ಲ. ನಿಧಾನ ಬಿಡುಗಡೆಯ ಮಿಥೈಲ್‌ಫೆನಿಡೇಟ್ ಬಗ್ಗೆ ವಯಸ್ಕರಲ್ಲಿ ನಡೆದ 24 ಪರೀಕ್ಷೆಗಳನ್ನು, ಒಟ್ಟು 5,066 ಜನರನ್ನು, ಕಾಕ್ರೇನ್ ಸಂಸ್ಥೆ 2022ರಲ್ಲಿ ಪರಿಶೀಲಿಸಿತು. ಲಕ್ಷಣಗಳು ಕಡಿಮೆಯಾದದ್ದು ಕಂಡರೂ, ಸಾಕ್ಷ್ಯದ ಭರವಸೆ ಬಹಳ ಕಡಿಮೆ ಎಂದಿತು. ಹೆಚ್ಚಿನ ಪರೀಕ್ಷೆಗಳು ಕೆಲವೇ ವಾರಗಳವು, ಆದರೆ ಜನರು ಮಾತ್ರೆ ನುಂಗುವುದು ವರ್ಷಗಟ್ಟಲೆ. ಇನ್ನೊಂದು ಕಷ್ಟವೂ ಇದೆ. ಹಸಿವು ಕಡಿಮೆಯಾಗಿ ಎದೆಬಡಿತ ಹೆಚ್ಚಿದಾಗ, ತನಗೆ ಸಿಕ್ಕಿದ್ದು ನಿಜವಾದ ಮಾತ್ರೆ ಎಂದು ರೋಗಿ ಊಹಿಸಿಬಿಡುತ್ತಾನೆ. ಆಗ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ. ಹಾಗೆಂದು ಔಷಧ ನಿಷ್ಪ್ರಯೋಜಕ ಎಂದಲ್ಲ. ಕೆಲವರ ಬದುಕನ್ನು ಇದು ದಾರಿಗೆ ತರುತ್ತದೆ. ಶುರು ಮಾಡಿದ ಮೇಲೂ ಆಗಾಗ ತಪಾಸಣೆ ಬೇಕು, ಫಲವಿಲ್ಲದಿದ್ದರೆ ವೈದ್ಯರೊಂದಿಗೆ ಮಾತಾಡಿ ನಿಲ್ಲಿಸಬೇಕು ಎಂಬುದೇ ಇದರ ಅರ್ಥ.

ಕುಟುಂಬಗಳು ನೆನಪಿಡಬೇಕಾದ ಕೆಲವು ವಿಷಯಗಳಿವೆ. ರೋಗನಿರ್ಣಯವನ್ನು ಮನೋವೈದ್ಯರೇ ಮಾಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಕಡೆ ಈ ಸೌಲಭ್ಯವಿದೆ. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇದ್ದವೇ ಎಂದು ಅವರು ಕೇಳುತ್ತಾರೆ, ಆದ್ದರಿಂದ ತಾಯಿಯೋ ಅಕ್ಕನೋ ಜೊತೆಗೆ ಹೋದರೆ ಒಳ್ಳೆಯದು. ಹೃದ್ರೋಗ, ರಕ್ತದೊತ್ತಡ, ಗ್ಲಾಕೋಮಾ, ಗರ್ಭಧಾರಣೆ, ಹಿಂದಿನ ಮಾದಕ ವ್ಯಸನ ಯಾವುದನ್ನೂ ವೈದ್ಯರಿಂದ ಮುಚ್ಚಿಡಬಾರದು. ಸೇವಿಸುತ್ತಿರುವ ಯುನಾನಿ ಔಷಧವನ್ನೂ ಹೇಳಬೇಕು. ಈ ಮಾತ್ರೆಯನ್ನು ಜಗಿಯಬಾರದು, ಪುಡಿ ಮಾಡಬಾರದು. ಹಾಗೆ ಮಾಡಿದರೆ ದಿನವಿಡೀ ಇಳಿಯಬೇಕಾದದ್ದು ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ.

ರಮಝಾನ್‌ನಲ್ಲಿ ದಿನಕ್ಕೊಂದೇ ಮಾತ್ರೆ ಅನುಕೂಲವೇನೋ ಹೌದು. ಸಹರಿಗೆ ನುಂಗಿದರೆ ಪರಿಣಾಮ ಸಂಜೆಯ ಹೊತ್ತಿಗೆ ಇಳಿಯುತ್ತದೆ. ಇಫ್ತಾರ್‌ಗೆ ನುಂಗಿದರೆ ರಾತ್ರಿ ನಿದ್ದೆ ಕೆಡುತ್ತದೆ. ಬಾಯಿ ಒಣಗುವುದು, ಹಸಿವು ಸಾಯುವುದು ಇದರ ಅಡ್ಡಪರಿಣಾಮಗಳಾದ್ದರಿಂದ ಸಹರಿ ಬಿಡಬಾರದು, ಇಫ್ತಾರ್ ನಂತರ ಸಾಕಷ್ಟು ನೀರು ಕುಡಿಯಬೇಕು. ಪ್ರಮಾಣ, ಸಮಯಗಳ ಬಗ್ಗೆ ಶಾಬಾನ್‌ನಲ್ಲೇ ವೈದ್ಯರನ್ನು ಕೇಳಿ.

ನಮ್ಮ ದೇಶದಲ್ಲಿ ಮಿಥೈಲ್‌ಫೆನಿಡೇಟ್ ಷೆಡ್ಯೂಲ್ ಎಕ್ಸ್‌ಗೆ ಸೇರಿದ ನಿಯಂತ್ರಿತ ಔಷಧ. ವೈದ್ಯರ ಚೀಟಿ ಎರಡು ಪ್ರತಿಗಳಲ್ಲಿರಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ಪರೀಕ್ಷೆಗೆ ಓದುವ ಮಕ್ಕಳಿಗೆ ‘ಬುದ್ಧಿ ಮಾತ್ರೆ’ ಎಂದು ಕೊಡುವುದು ಅಪಾಯ, ಅಪರಾಧವೂ ಹೌದು. ಯುಎಇಯಂತಹ ದೇಶಗಳಿಗೆ ಹೋಗುವವರು ಮುಂಚಿತವಾಗಿ ಅನುಮತಿ ಪಡೆಯದೆ ಇದನ್ನು ಚೀಲದಲ್ಲಿ ಒಯ್ಯಬಾರದು.

ಮಾತ್ರೆ ಗಮನವನ್ನು ಹಿಡಿದುಕೊಡಬಹುದು, ಅಭ್ಯಾಸವನ್ನು ಕಲಿಸುವುದಿಲ್ಲ. ದಿನದ ಕೆಲಸಗಳ ಪಟ್ಟಿ, ಕೀಲಿಗೊಂದು ಗೊತ್ತಾದ ಮೊಳೆ, ಸಮಯಕ್ಕೆ ನಿದ್ದೆ ಇವೂ ಬೇಕು. ‘ನಿನ್ನಿಂದ ಏನೂ ಆಗದು’ ಎಂಬ ಮಾತನ್ನು ಮನೆಯವರು ಬಿಡುವುದು ಎಲ್ಲಕ್ಕಿಂತ ಮೊದಲು ಬೇಕು.